ಹಸುವಿಗೆ ಅರೆದ ಲೇಪ

ಹಸುವಿನ ಕೆಚ್ಚಲು ಬಾತರೆ ನಮ್ಮ ಕಡೆಯವರು ನನ್ನ ಹತ್ತಿರ ಬರುತ್ತಾರೆ. ಲೋಳೆಸರ, ಅರಿಸಿನ, ಚೂರು ಸುಣ್ಣ ಸೇರಿಸಿ ಅರೆದು ಕೊಡುತ್ತೇನೆ. ದಿನಕ್ಕೆ ಏಳೆಂಟು ಸಲ ಹಚ್ಚಿದರೆ ಬಾವು ಇಳಿಯುತ್ತದೆ. ಎಲ್ಲ ಸಲವೂ ಇಳಿಯುತ್ತದೆ ಅಂತ ಹೇಳಲಾರೆ. ಆ ವರ್ಷ ಮಳೆ ನಿಂತ ಮೇಲೆ ನಮ್ಮ ಹಸುವಿಗೇ ಬಾವು ಬಂತು. ಬೆಳಿಗ್ಗೆ ಅರೆದಿಟ್ಟ ಬಟ್ಟಲು ಸಂಜೆಯೊಳಗೆ ಖಾಲಿಯಾಗುತ್ತಿತ್ತು. ಕೆಚ್ಚಲು ನೋಡಿದರೆ ಅಷ್ಟೆಲ್ಲ ಹಚ್ಚಿದ ಹಾಗೆ ಕಾಣುತ್ತಿರಲಿಲ್ಲ.

ನಮ್ಮದು ಕೊಟ್ಟಿಗೆ ಒಂದು, ಮನೆ ಎರಡು. ಒಂದರಲ್ಲಿ ನಾನು, ಮಗ, ಸೊಸೆ, ಮೊಮ್ಮಗಳು. ಇನ್ನೊಂದರಲ್ಲಿ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ. ಕೇರಳದ ದಡದಲ್ಲಿರುವ ನಮ್ಮ ಪೆರಿಕಲ್ಲೂರಿಗೆ ಅವಳು ಹೊಳೆಯ ಆಚೆ ದಡದಿಂದ ದೋಣಿಯಲ್ಲಿ ಮದುವೆಯಾಗಿ ಬಂದವಳು. ನಮ್ಮಿಬ್ಬರ ಗಂಡಂದಿರೂ ಈಗಿಲ್ಲ. ಬೆಳಿಗ್ಗೆ ಹಾಲು ಕರೆಯುವುದು ನಾನು, ಸಂಜೆ ಅವಳು. ಜಗಳ ಮಾತ್ರ ಯಾವ ಹೊತ್ತಿಗಾದರೂ ಆಗುತ್ತದೆ. ಹುಲ್ಲಿಗೆ, ಬೇಲಿಗೆ, ಕೋಳಿ ಎಲ್ಲಿ ಮೊಟ್ಟೆ ಇಟ್ಟಿತು ಅನ್ನುವುದಕ್ಕೆ.

ಒಂದು ಸಂಜೆ ಅವಳ ರವಿಕೆಯ ಎಡಗಡೆ ಅರಿಸಿನದ ಕಲೆ ಕಂಡಿತು. ಹಿಂದಿನ ದಿನವೂ ಅಲ್ಲೇ ಇತ್ತು.

"ಏನೇ ಅದು ಕಲೆ?"

"ಹಸು ಒದೀತು. ಬಟ್ಟಲು ಮೈಮೇಲೆ ಬಿತ್ತು."

"ದಿನಾ ಅದೇ ಜಾಗಕ್ಕೆ ಬೀಳ್ತದಾ? ಭಾರಿ ಗುರಿಗಾರ ಹಸು ಸಾಕಿದೀವಲ್ಲ."

ಅವಳು ತಿರುಗಿ ಬೈಯಲಿಲ್ಲ. ನನಗೆ ಭಯವಾಗಿದ್ದು ಆಗ. ಕೊಟ್ಟಿಗೆಯ ಬಾಗಿಲು ಎಳೆದುಕೊಂಡೆ.

"ರವಿಕೆ ಬಿಚ್ಚು."

"ಥೂ, ಹೋಗಕ್ಕ."

"ಇಲ್ಲಿ ಯಾರಿದಾರೆ? ನಾನು, ಹಸು. ಅದಕ್ಕೆ ನಾಲ್ಕದೆ, ನಿಂದು ನೋಡಿ ಅದಕ್ಕೇನಾಗಬೇಕು?"

ಬಿಚ್ಚಿದಳು. ಸುಣ್ಣಕ್ಕೆ ಚರ್ಮ ಸುಟ್ಟು ಸಿಪ್ಪೆ ಎದ್ದಿತ್ತು. ನಾನು ಕೈಯಿಟ್ಟು ನೋಡಿದೆ. ಬಾವು ಬಂದ ಕೆಚ್ಚಲು ಬಿಸಿ ಇರುತ್ತದೆ, ಮುಟ್ಟಿದರೆ ಹಸು ಕಾಲೆತ್ತುತ್ತದೆ. ಇದು ಬಿಸಿ ಇರಲಿಲ್ಲ. ಒಳಗೆ ಕಾಡುನೆಲ್ಲಿಕಾಯಿಯಷ್ಟು ಗಂಟು. ಒತ್ತಿದರೆ ಜಾರಲಿಲ್ಲ, ಬೇರು ಬಿಟ್ಟ ಹಾಗೆ ಕೂತಿತ್ತು. ಅವಳು ನನ್ನ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದಳು.

"ನೋಯ್ತದಾ?"

"ಇಲ್ಲ. ಅದಕ್ಕೇ ಹೇಳಲಿಲ್ಲ."

"ಎಷ್ಟು ದಿನದಿಂದ?"

"ಓಣಂಗೆ ಮುಂಚಿಂದ."

ಮಾರನೆಯ ದಿನ ಮೊದಲು ಪನಮರಂನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮುಟ್ಟಿ ನೋಡಿ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಸ್ಕ್ಯಾನ್ ಮಾಡಿದ ಹೆಂಗಸು ಡಾಕ್ಟರು, ಗಂಟಿಗೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಆಮೇಲೇ ಕ್ಯಾನ್ಸರೋ ಅಲ್ಲವೋ ಹೇಳಲು ಆಗುವುದು ಎಂದರು. ಓರಗಿತ್ತಿ ಎದ್ದು ನಿಂತಳು. "ವೇಂಡ ಡಾಕ್ಟರೇ," ಬೇಡ ಅಂತ ಮಲಯಾಳದಲ್ಲೇ ಹೇಳಿ ಸೆರಗು ಹೊದ್ದು ನಡೆದೇಬಿಟ್ಟಳು. ನಾನು ಚೀಲ ಎತ್ತಿಕೊಂಡು ಅವಳ ಹಿಂದೆ ಓಡಿದೆ. ಈ ಮಂಡಿನೋವಿನಲ್ಲಿ ನಾನು ಓಡಿದ್ದು ಅಪರೂಪ.

ಬಸ್ಸಿಳಿದು ಹೊಳೆದಾರಿಗೆ ಬಂದ ಮೇಲೆ ಬಾಯಿ ಬಿಟ್ಟಳು.

"ನೀನೇ ಅಲ್ವಾ ಹೇಳಿದ್ದು? ಕೆಳಮನೆಯವಳು ಸತ್ತಾಗ ಜಗುಲಿ ಮೇಲೆ ಕೂತು ಬಂದೋರಿಗೆಲ್ಲ ಹೇಳಿದೆ. ಮಲಗಿದ್ದ ಗಂಟನ್ನ ಸೂಜಿ ಚುಚ್ಚಿ ಎಬ್ಬಿಸಿದ್ರು, ಮೈಯೆಲ್ಲ ಹರಡ್ತು ಅಂತ. ಈಗ ನಂಗೆ ಚುಚ್ಚಿಸ್ಕೋ ಅಂತೀಯ?"

ಹೇಳಿದ್ದೆ. ಇಲ್ಲ ಅನ್ನುವ ಹಾಗಿರಲಿಲ್ಲ. ಊರಿನ ಅರ್ಧ ಹೆಂಗಸರು ಸೂಜಿಗೆ ಹೆದರುತ್ತಿದ್ದರೆ ಅದು ನನ್ನ ಬಾಯಿಯ ಕೆಲಸ.

ನಡೆದಿದ್ದು ಬೇರೆ. ಕೆಳಮನೆಯವಳು ಸಾಯುವುದಕ್ಕೆ ಒಂದೂವರೆ ವರ್ಷ ಮೊದಲೇ ನನ್ನ ಹತ್ತಿರ ಬಂದಿದ್ದಳು. ಗಂಟು ತೋರಿಸಿದಳು. ಮೈ ಉಷ್ಣ, ಹಚ್ಚು ಎಂದು ಹಸುವಿಗೆ ಅರೆಯುವುದನ್ನೇ ಅರೆದು ಕೊಟ್ಟೆ. ಎಂಟು ತಿಂಗಳು ಹಚ್ಚಿದಳು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಕಂಕುಳಲ್ಲೂ ಗಂಟು, ಬೆನ್ನು ಮೂಳೆಯಲ್ಲಿ ನೋವು. ಸೂಜಿ ಹಾಕಿದ್ದು ಅದಾದ ಮೇಲೆ. ಅವಳು ಲೇಪದ ವಿಷಯ ಯಾರಿಗೂ ಹೇಳದೆ ಸತ್ತಳು. ತಪ್ಪನ್ನು ಸೂಜಿಯ ಮೇಲೆ ಹಾಕಿದರೆ ನನ್ನ ಮೇಲೆ ಬರುವುದಿಲ್ಲ. ಹೇಳಿ ಹೇಳಿ ಅರ್ಧ ನಾನೇ ನಂಬಿಬಿಟ್ಟಿದ್ದೆ.

ಮಾರನೆಯ ಬೆಳಿಗ್ಗೆ ಹಾಲು ಕರೆಯುವಾಗ ಓರಗಿತ್ತಿಯನ್ನು ಕೂಗಿ ಕರು ಹಿಡಿದುಕೊಳ್ಳಲು ಹೇಳಿದೆ. ಹಾಲು ಕರೆಯುವವರು ಎದುರಿನವರ ಮುಖ ನೋಡಬೇಕಾಗಿಲ್ಲ. ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಎಲ್ಲ ಹೇಳಿದೆ.

ಕರು ಎಳೆಯುತ್ತಿತ್ತು.

"ಎಂಟು ತಿಂಗಳಾ?"

"ಎಂಟು."

"ಅವಳ ಮಕ್ಕಳಿಗೆ ಗೊತ್ತಾ?"

"ಇಲ್ಲ. ಹೇಳಬೇಕು."

"ಪಾಪಿ ನೀನು."

"ಹೂಂ."

"ನಂಗ್ಯಾಕೆ ಹೇಳ್ದೆ ಈಗ?"

"ನೀನು ಸಾಯಬಾರದು ಅಂತ ಕಣೆ. ಇನ್ಯಾಕೆ ಹೇಳ್ಲಿ? ಸೂಜಿಯಿಂದ ಹರಡಲ್ಲ, ಸುಮ್ಮನೆ ಬಿಟ್ಟರೆ ಹರಡ್ತದೆ. ನೀನು ಎದ್ದು ಓಡಿದ್ಯಲ್ಲ, ಆಗ ಆ ಡಾಕ್ಟರು ಬಾಗಿಲ ತನಕ ಬಂದು ನಂಗೆ ಹೇಳಿದ್ರು."

ಅವಳು ಕರುವನ್ನು ಬಿಟ್ಟಳು. ನಾನಿನ್ನೂ ಕರೆದು ಮುಗಿಸಿರಲಿಲ್ಲ, ಬೇಕೆಂದೇ ಬಿಟ್ಟಿದ್ದು. ಬಾಗಿಲ ತನಕ ಹೋಗಿ ತಿರುಗಿದಳು.

"ಯಾವ ಬಸ್ಸು?"

"ಮೊದಲನೇದು."

"ಬತ್ತೀನಿ. ಆದ್ರೆ ಇನ್ನೊಂದು ಸಲ ಸುಳ್ಳು ಹೇಳಿದ್ರೆ ನಿನ್ನ ಮುಖ ನೋಡಲ್ಲ. ಡಾಕ್ಟರು ಏನಂದ್ರೋ ಅದನ್ನೇ ಹೇಳಬೇಕು. ಸಿಹಿ ಹಚ್ಚಬಾರದು."

ಹೋದರೆ, ಸುಟ್ಟ ಚರ್ಮ ಸ್ವಲ್ಪ ಆರಲಿ ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರು ಕೆಲವು ದಿನ ಬಿಟ್ಟು ಬರಲು ಹೇಳಿದರು. ಸೂಜಿಯ ದಿನ ಬಾಗಿಲಲ್ಲಿ ನರ್ಸ್ ನನ್ನನ್ನು ತಡೆದಳು. ಓರಗಿತ್ತಿ ನನ್ನ ಸೆರಗಿನ ತುದಿ ಹಿಡಿದುಕೊಂಡೇ ಒಳಗೆ ನಡೆದಳು. ಸೆರಗು ಹೋದ ಮೇಲೆ ನಾನು ಹೊರಗೆ ನಿಲ್ಲುವುದು ಹೇಗೆ? ಡಾಕ್ಟರು ನಕ್ಕು, ಇರಲಿ ಬಿಡು ಎಂದರು.

"ಇದಕ್ಕೆ ಸುಣ್ಣ ಹಚ್ಚಿದ್ದು ಯಾರು ಅಂತ ಹೇಳಲೇ ಇಲ್ಲವಲ್ಲ?" ಮಲಯಾಳದಲ್ಲಿ ಕೇಳಿದರು.

"ನಾನು ಅರೆದಿದ್ದು ಹಸುವಿಗೆ ಡಾಕ್ಟರೇ. ಇವಳು ಕದ್ದು ಹಚ್ಕೊಂಡ್ಳು."

"ಕದ್ದಿದ್ದಲ್ಲ," ಮಲಗಿದ್ದಲ್ಲಿಂದ ಇವಳು. "ಹಸು ನಂದೂ ಹೌದು."

ಮೊದಲು ಮರಗಟ್ಟುವ ಚುಚ್ಚುಮದ್ದು ಕೊಟ್ಟರು. ಆಮೇಲೆ ದಪ್ಪ ಸೂಜಿ. ಪ್ರತಿ ಸಲವೂ ಟಕ್ ಎಂದು ಸದ್ದು. "ಪೇಡಿಕ್ಕೇಂಡ ಅಮ್ಮಚ್ಚಿ," ಹೆದರಬೇಡಿ ಅಮ್ಮಾ ಎಂದು ನರ್ಸ್ ಹೇಳುತ್ತಲೇ ಇದ್ದಳು. ನಾಲ್ಕು ಸಲ ಟಕ್ ಅಂದಿತು. ನಾಲ್ಕು ಸಲವೂ ಅವಳ ಉಗುರು ನನ್ನ ಮಣಿಕಟ್ಟಿಗೆ ಇಳಿಯಿತು. ನಾನು ಕೈ ಎಳೆದುಕೊಳ್ಳಲಿಲ್ಲ.

ಕಟ್ಟು ಕಟ್ಟಿ, ಎರಡು ದಿನ ಎಡಗೈ ಎತ್ತಬೇಡಿ ಎಂದು ಕಳಿಸಿದರು. ಮನೆಯಲ್ಲಿ ರವಿಕೆಯ ಗುಂಡಿ ಹಾಕುವುದು, ತಲೆ ಬಾಚುವುದು ನನ್ನ ಪಾಲಿಗೆ ಬಂತು. ನನ್ನ ಎರಡನೆಯ ಮಗ ಹುಟ್ಟಿದಾಗ ನನಗೆ ಜ್ವರ ಹಿಡಿದು ಹಾಲು ಬತ್ತಿತ್ತು. ಅವಳು ತನ್ನ ಕೂಸಿನ ಜೊತೆ ಅವನಿಗೂ ಒಂದು ತಿಂಗಳು ಮೊಲೆಯೂಡಿಸಿದ್ದಳು. ಇಷ್ಟು ವರ್ಷದ ಜಗಳದಲ್ಲಿ ಅವಳು ಎತ್ತಿ ಆಡದ ಮಾತಿಲ್ಲ, ಆದರೆ ಅದೊಂದನ್ನು ಎಂದೂ ಎತ್ತಲಿಲ್ಲ. ಗುಂಡಿ ಹಾಕುವಾಗ ನನಗೆ ಅದು ನೆನಪಾಯಿತು. ಅವಳಿಗೂ ಆಗಿರಬೇಕು.

"ಮೆಲ್ಲಗೆ ಬಾಚು. ಇದು ತಲೆ, ತೆಂಗಿನಕಾಯಲ್ಲ," ಎಂದಳು.

"ಕೂದಲಿದ್ರೆ ತಾನೇ ಮೆಲ್ಲಗೆ ಬಾಚೋದು."

ರಿಪೋರ್ಟಿಗೆ ಒಂದು ವಾರ. ಆ ವಾರ ಬೇಲಿಯ ವಿಷಯಕ್ಕೂ ಜಗಳವಾಡಲಿಲ್ಲ. ನಿಮ್ಮಿಬ್ಬರಿಗೂ ಹುಷಾರಿಲ್ಲವಾ ಎಂದು ಮೊಮ್ಮಗಳು ಕೇಳಿದಳು.

ಆಸ್ಪತ್ರೆಯಲ್ಲಿ ಹೆಸರು ಕರೆದಾಗ ಓರಗಿತ್ತಿ ಬೆಂಚಿನಿಂದ ಏಳಲಿಲ್ಲ.

"ನೀನು ಹೋಗು. ಅವರು ಹೇಳಿದ್ರೆ ನನ್ನ ತಲೆಗೆ ಹತ್ತಲ್ಲ. ನೀನು ಕೇಳ್ಕೊಂಡು ಬಂದು ಹೇಳು."

ಅವಳು ಒಪ್ಪಿದ್ದಾಳೆ ಅಂತ ಡಾಕ್ಟರು ಅವಳಿಂದಲೇ ಕೇಳಿ ತಿಳಿದುಕೊಂಡು ನನ್ನನ್ನು ಕೂರಿಸಿ ಹೇಳಿದರು. ಅರ್ಥವಾಗದ್ದನ್ನು ಎರಡು ಸಲ ಕೇಳಿದೆ. ಹೊರಗೆ ಬರುವಾಗ ಬಾಗಿಲಿಂದ ಬೆಂಚಿಗೆ ಹತ್ತು ಹೆಜ್ಜೆ ಇರಬಹುದು. ಆ ಹತ್ತು ಹೆಜ್ಜೆಯಲ್ಲಿ ಮೂರು ಸುಳ್ಳು ನಾಲಿಗೆಯ ತುದಿಗೆ ಬಂದವು. ಮೂರೂ ಒಳ್ಳೆಯ ಸುಳ್ಳುಗಳೇ.

ಅವಳ ಮುಂದೆ ನಿಂತೆ.

"ಕ್ಯಾನ್ಸರೇ. ಇನ್ನೂ ಚಿಕ್ಕದಂತೆ. ಕಂಕುಳಿಗೆ ಹೋದ ಹಾಗೆ ಸ್ಕ್ಯಾನಲ್ಲಿ ಕಾಣಲ್ಲವಂತೆ. ಆಪರೇಷನ್ ಮಾಡಬೇಕು. ಆಮೇಲೂ ಮದ್ದು ಇರ್ತದೆ."

"ಪೂರಾ ತೆಗೀತಾರಾ?"

"ಗೊತ್ತಿಲ್ಲ. ಇನ್ನೊಂದು ಪರೀಕ್ಷೆ ಆದ ಮೇಲೆ ಹೇಳ್ತಾರಂತೆ."

"ಬದುಕ್ತೀನಾ?"

"ಇಷ್ಟು ಬೇಗ ಬಂದೋರು ತುಂಬಾ ಜನ ಬದುಕ್ತಾರೆ ಅಂದ್ರು. ಖಂಡಿತ ಅನ್ನಲಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಒಂದು ಕಡೆ ನೋಡಿ ಸಾಲದೆ ಇನ್ನೊಂದು ಕಡೆಯಿಂದಲೂ ನೋಡಿದಳು. ಕಣ್ಣಲ್ಲಿ ನೀರು ತುಂಬಿತು, ಸೆರಗಿನಿಂದ ಒತ್ತಿಕೊಂಡಳು. ಆಮೇಲೆ ಬೆಂಚಿನ ಮೇಲಿದ್ದ ಚೀಲವನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡು ಪಕ್ಕಕ್ಕೆ ಸರಿದಳು.

"ಕೂತ್ಕೋ," ಎಂದಳು. "ಆ ಮಂಡಿ ಇಟ್ಕೊಂಡು ಎಷ್ಟೊತ್ತು ನಿಲ್ತೀಯ?"

ಕೂತೆ.