ಚಿಕ್ಕಮ್ಮನ ಎಲಿಫೆಂಟಾ

ನೆಂಟರ ಹಾಸಿಗೆಯನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕಿದೊಡನೆ ನುಸಿಗುಳಿಗೆಯ ವಾಸನೆ ಮನೆ ತುಂಬಿಕೊಂಡಿತು. ನಿಮ್ಮಲ್ಲಿ ಈ ವಾಸನೆಗೆ ಏನರ್ಥವೋ ತಿಳಿಯದು. ವಡಾಲದ ನಮ್ಮ ಮನೆಯಲ್ಲಿ, ಮೈಸೂರಿನಿಂದ ಯಾರೋ ಮುಂಬಯಿ ನೋಡಲು ಬರುತ್ತಿದ್ದಾರೆಂದು ಅರ್ಥ. ನನಗೆ ಕೂಡಲೇ ಚಿಂತೆ ಹತ್ತಿಕೊಳ್ಳುತ್ತದೆ. ದಾದರಿನಲ್ಲಿ ಇಳಿಯುವಾಗ ಅವರ ಚೀಲವೊಂದು ಗಾಡಿಯಲ್ಲೇ ಉಳಿದುಬಿಟ್ಟರೆ? ಚೌಪಾಟಿಯ ಭೇಲ್ ಹೊಟ್ಟೆಗೆ ಒಗ್ಗದಿದ್ದರೆ? ಚಿಂತಿಸಲು ಏನೂ ಸಿಗದ ದಿನ, ಯಾಕೆ ಸಿಗಲಿಲ್ಲವೆಂದು ಚಿಂತಿಸುವವನು ನಾನು.

ಇದು ಚಿಕ್ಕಪ್ಪ ಚಿಕ್ಕಮ್ಮನ ಮನೆ. ಕೆಲಸ ಹುಡುಕಿಕೊಂಡು ಬಂದ ನಾನು ಇಲ್ಲೇ ಉಳಿದುಬಿಟ್ಟೆ. ಆಗೆಲ್ಲ ನೆಂಟರಿಗೆ ಊರು ತೋರಿಸುವುದು ಚಿಕ್ಕಪ್ಪನ ಪಾಲಿನ ಕೆಲಸ. ಗೇಟ್‌ವೇ, ಹ್ಯಾಂಗಿಂಗ್ ಗಾರ್ಡನ್, ಸಂಜೆಗೆ ಚೌಪಾಟಿ. ಕಾಲಲ್ಲಿ ಕಸುವಿದ್ದವರಿಗೆ, ಲಾಂಚಿನಲ್ಲಿ ಸಮುದ್ರ ದಾಟಿ ಬೆಟ್ಟದ ಮೆಟ್ಟಿಲು ಹತ್ತಿ ನೋಡುವ ಎಲಿಫೆಂಟಾ ಗುಹೆ. ಡಬಲ್ ಡೆಕ್ಕರ್ ಬಸ್ಸಿನಲ್ಲಿ ಮೇಲಂತಸ್ತಿನ ಮುಂದಿನ ಸೀಟೇ ಆಗಬೇಕು ಚಿಕ್ಕಪ್ಪನಿಗೆ. ಅದು ಸಿಗದಿದ್ದರೆ ಬಂದ ಬಸ್ಸನ್ನು ಬಿಟ್ಟುಬಿಡುತ್ತಿದ್ದರು. ಆ ಗಾಜಿನ ಮುಂದೆ ಕೂತರೆ ಮರದ ಕೊಂಬೆಗಳು ನೇರ ಮುಖಕ್ಕೇ ಬಂದು, ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದಂತೆ ಸರಿದುಹೋಗುತ್ತಿದ್ದವು. ಬೀದಿಗಳೆಲ್ಲ ಯಾರದೋ ನಿದ್ದೆಯೊಳಗೆ ಸದ್ದಿಲ್ಲದೆ ತೇಲಿದ ಹಾಗಿರುತ್ತಿತ್ತು.

ಚಿಕ್ಕಮ್ಮ ಮಾತ್ರ ಬರುತ್ತಿರಲಿಲ್ಲ. ನಮ್ಮ ಬಿಲ್ಡಿಂಗಿಗೆ ನೀರು ಬರುವುದು ಮಧ್ಯಾಹ್ನ. ಯಾರಾದರೂ ಮನೆಯಲ್ಲಿದ್ದು ಡ್ರಮ್ಮು ತುಂಬಿಸಬೇಕು, ಸುತ್ತಿ ಬಂದವರಿಗೆ ಬಿಸಿಬಿಸಿ ಸಾರು ಮಾಡಿಡಬೇಕು. ಆ ‘ಯಾರಾದರೂ’ ಯಾರೆಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಆದರೆ ಊಟಕ್ಕೆ ಬಡಿಸುತ್ತ ಬಡಿಸುತ್ತ ಚಿಕ್ಕಮ್ಮ ನೆಂಟರ ಬಾಯಿಂದ ಎಲಿಫೆಂಟಾವನ್ನು ಪೂರ್ತಿ ಕೇಳಿಕೊಳ್ಳುತ್ತಿದ್ದರು. ಮುಂದಿನ ಸಲ ಬಂದವರಿಗೆ ಅವರೇ ಹೇಳುವರು: “ಲಾಂಚಲ್ಲಿ ಮೇಲ್ಗಡೆ ಕೂತ್ಕೊಳ್ಳಿ, ಗಾಳಿ ಚೆನ್ನಾಗಿರತ್ತೆ. ಕೈಲಿ ತಿಂಡಿ ಇಟ್ಕೋಬೇಡಿ, ಕೋತಿ ಕಿತ್ಕೊಳತ್ತೆ. ಗುಹೆ ಒಳಗೆ ಮೊದಲು ಏನೂ ಕಾಣಲ್ಲ. ಸುಮ್ನೆ ನಿಂತ್ಕೊಳ್ಳಿ, ಕತ್ತಲೊಳಗಿಂದ ಶಿವ ತಾನಾಗೇ ಬರ್ತಾನೆ.”

ಇಷ್ಟು ಚೆನ್ನಾಗಿ ಹೇಳುವವರು ಅಲ್ಲಿಗೆ ಹೋಗಿಯೇ ಇಲ್ಲವೆಂದು ಯಾರಿಗೆ ಹೊಳೆದೀತು? ಜೊತೆಗೇ ಇದ್ದ ನನಗೂ ಹೊಳೆಯಲಿಲ್ಲ. ಚಿಕ್ಕಪ್ಪ ತೀರಿಕೊಂಡ ಮೇಲೆ ಒಂದು ದಿನ ಚಿಕ್ಕಮ್ಮನೇ ಅಂದರು:

“ನಾನೂ ಒಂದ್ಸಲ ಲಾಂಚಲ್ಲಿ ಹೋಗ್ಬೇಕು ಕಣೋ. ಮಂಡಿ ಪೂರ್ತಿ ಕೈಕೊಡೋದ್ರೊಳಗೆ.”

“ನೀವು ಹೋಗೇ ಇಲ್ವಾ?”

“ನೀರು ಯಾರು ಹಿಡೀತಿದ್ರು?”

ಕರೆದುಕೊಂಡು ಹೋಗುತ್ತೇನೆ ಎಂದೆ. ಮಳೆಗಾಲ ಮುಗಿಯಲಿ, ಬಿಸಿಲಿನ ಝಳ ಇಳಿಯಲಿ, ಮಂಡಿಯನ್ನು ಇನ್ನೊಬ್ಬ ಡಾಕ್ಟರೂ ನೋಡಿಬಿಡಲಿ ಎಂದೂ ಸೇರಿಸಿದೆ.

“ಸಮುದ್ರ ಬತ್ತಲಿ ಅಂತ ಕಾಯ್ತಿದ್ದೀಯೇನೋ?” ಎಂದು ಚಿಕ್ಕಮ್ಮ ಕೇಳಿದರು.

ಕೊನೆಗೆ ಭಾನುವಾರದ ಜಂಗುಳಿಗೆ ಹೆದರಿ ಒಂದು ಸೋಮವಾರ ರಜೆ ಹಾಕಿದೆ. ಉಬ್ಬರವಿಳಿತದ ಹೊತ್ತು ನೋಡಿದೆ. ವಾಂತಿಯ ಮಾತ್ರೆ, ಗ್ಲೂಕೋಸು, ಮಂಡಿಪಟ್ಟಿ, ಚಳಿಗಾಲದಲ್ಲೂ ಕೊಡೆ. ಇಷ್ಟೆಲ್ಲ ಹೊತ್ತು ಗೇಟ್‌ವೇ ತಲುಪಿದರೆ ಟಿಕೆಟಿನವನು, “ಆಜ್ ಸೋಮ್‌ವಾರ್ ಹೈ ಸಾಬ್, ಗುಫಾ ಬಂದ್,” ಎಂದ. ಬೇಕಾದರೆ ಲಾಂಚು ಬಂದರಿನೊಳಗೇ ಒಂದು ಸುತ್ತು ಹಾಕಿಸಿಕೊಂಡು ಬರುತ್ತದೆ, ಅಷ್ಟೆ.

ನನ್ನ ಮುಖ ನೋಡಿ ಚಿಕ್ಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಗೊತ್ತಿತ್ತು. ಬಂದೋರಿಗೆಲ್ಲ ಸೋಮವಾರ ಹೋಗ್ಬೇಡಿ ಅಂತಿದ್ದೋಳು ನಾನೇ ಅಲ್ವಾ?”

“ಮತ್ತೆ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನೀನು ಮುಂದಿನ ತಿಂಗಳು ಅಂತಿದ್ದೆ. ನಡಿ, ಸಿಕ್ಕಷ್ಟು ನೀರು ನೋಡೋಣ.”

ಮಂಡಿಯನ್ನು ಕೈಯಲ್ಲಿ ಒತ್ತಿಕೊಂಡು ಲಾಂಚಿನ ಮೇಲಂತಸ್ತಿಗೇ ಹತ್ತಿದರು. ಉಳಿದವರೆಲ್ಲ ಸಮುದ್ರದತ್ತ ಮುಖ ಮಾಡಿದ್ದರೆ ಚಿಕ್ಕಮ್ಮ ಅದಕ್ಕೆ ಬೆನ್ನು ಹಾಕಿ ಕೂತರು. ಗೇಟ್‌ವೇ ಆಟಿಕೆಯಷ್ಟು ಚಿಕ್ಕದಾಯಿತು. ಕಡಲಹಕ್ಕಿಗಳು ರೆಕ್ಕೆ ಬಡಿಯದೆ ನಮ್ಮ ಜೊತೆಗೇ ಗಾಳಿಯಲ್ಲಿ ತೂಗುತ್ತಿದ್ದವು. ಇಂಜಿನ್ನಿನ ಗುಡುಗುಡು ದೂರದಿಂದ ಬಂದಂತೆ ಕೇಳತೊಡಗಿತು. ಅಷ್ಟು ದೊಡ್ಡ ಊರು ಮಸುಕು ಬೆಳಕಿನಲ್ಲಿ ನಿಧಾನವಾಗಿ ಕರಗುತ್ತ ಹೋಯಿತು.

“ಇದ್ರೊಳಗೆಲ್ಲೋ ನಮ್ಮನೆ ಡ್ರಮ್ಮೂ ಇದೆ ಅಲ್ವಾ,” ಎಂದರು ಚಿಕ್ಕಮ್ಮ.

ಲೈಫ್ ಜಾಕೆಟ್ಟುಗಳು ಎಲ್ಲಿವೆಯೆಂದು ಹುಡುಕುತ್ತಿದ್ದ ನಾನು ಹುಡುಕುವುದನ್ನೇ ಮರೆತೆ.

ಅದು ಹೋದ ಚಳಿಗಾಲದ ಮಾತು. ಇವತ್ತು ಬೆಳಿಗ್ಗೆ, ನಾಳೆ ಬರಲಿರುವ ಮೈಸೂರಿನ ಅತ್ತಿಗೆ ಚಿಕ್ಕಮ್ಮನಿಗೆ ಫೋನು ಮಾಡಿ ಎಲಿಫೆಂಟಾ ಹೇಗಿದೆಯೆಂದು ಕೇಳಿದರು. ಉತ್ತರ ಕೋತಿಯಿಂದ ಶುರುವಾಗಬಹುದೆಂದು ನಾನು ಕಾದೆ. ಚಿಕ್ಕಮ್ಮ, “ನಾನೂ ನೋಡಿಲ್ಲ ಕಣೇ. ಮಂಗಳವಾರ ಒಟ್ಟಿಗೇ ಹೋಗೋಣ,” ಎಂದರು.

“ನೀರು ನಾನು ಹಿಡೀತೀನಿ,” ಎಂದೆ. ಆ ಮಾತಿಗೇ ಕಾದಿದ್ದವರಂತೆ ಅವರು ಮಂಚದ ಕೆಳಗಿನಿಂದ ಹೊಸ ಕ್ಯಾನ್‌ವಾಸ್ ಬೂಟು ತೆಗೆದು, ಸೀರೆ ಎತ್ತಿ ಕಟ್ಟಿ, ಹೊರಗೆ ಹೋದರು. ಬೆಟ್ಟ ಹತ್ತುವ ಅಭ್ಯಾಸವಂತೆ. ಈಗ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಅವರ ಹೆಜ್ಜೆ ನಿಂತು ನಿಂತು ಮೇಲೇರುವುದು ಕೇಳಿಸುತ್ತಿದೆ. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೇನೆ. ಅವರ ಹಿಂದೆ ಹೋಗಿಲ್ಲ.