ಕಾದ ಕಬ್ಬಿಣಕ್ಕೆ ಬಣ್ಣ ಆರಿಸುವ ಅಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಷೆಡ್ಡಿನ ಮುಂದೆ ಶಾಲಾ ವ್ಯಾನೊಂದು ನಿಂತಿದೆ. ಅದರ ಎಂಜಿನ್ನಿನಿಂದ ಬಿಚ್ಚಿದ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು, ಅಂದರೆ ಸುಡುಹೊಗೆಯನ್ನು ಹೊರಗೆ ಸಾಗಿಸುವ ಕಬ್ಬಿಣದ ಕೊಳವೆಯನ್ನು, ಅಕ್ಕ ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಮುರಿದ ಕೈಗೆ ಬ್ಯಾಂಡೇಜು ಸುತ್ತಿದಂತೆ ಅದಕ್ಕೆ ಶಾಖ ತಡೆಯುವ ಪಟ್ಟಿ ಸುತ್ತಿದೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ಕೂತಿದ್ದೇನೆ.

"ಅಕ್ಕಾ, ಈ ಚಿಂದಿ ಕಿತ್ತು ಬೆಳ್ಳಿ ಥರ ಹೊಳೆಯೋ ಬಣ್ಣ ಹೊಡೀರಿ. ಬೇಗ, ಮಕ್ಕಳು ಕಾಯ್ತಿರ್ತಾರೆ," ಎಂದು ವ್ಯಾನಿನ ಚಾಲಕ ಅವಸರ ಮಾಡುತ್ತಾನೆ.

"ಹೊಳೆಯೋಕೆ ಇದೇನು ಮದುವೆ ಹೆಣ್ಣಾ?"

ಕಡೆಯ ಸುತ್ತು ಕಳಚುತ್ತಲೇ ಕೊಳವೆಯ ಒಂದು ತುಂಡು ಠಣ್ಣನೆ ನೆಲಕ್ಕೆ ಬೀಳುತ್ತದೆ. ಬಿರುಕಿನ ಅಂಚಿನುದ್ದಕ್ಕೂ ಕಾಡಿಗೆಯಂಥ ಮಸಿ. ಅಕ್ಕನ ಮುಖದ ನಗು ಆರಿಹೋಗುತ್ತದೆ.

"ಡ್ರೈವರಣ್ಣ, ಮಕ್ಕಳು ತಲೆನೋವು ಅಂತಾರಾ?"

"ಇಲ್ವಲ್ಲ. ಹತ್ತಿ ಕೂತ್ರೆ ಸಾಕು, ನಿದ್ದೆ ಹೋಗ್ತಾರೆ. ನಾನು ಗಾಡಿ ಓಡ್ಸೋದು ತೊಟ್ಟಿಲು ತೂಗಿದ ಹಾಗೆ!"

"ಅದು ನಿದ್ದೆ ಅಲ್ಲಪ್ಪಾ. ಹೊಗೆ."

ಚಾಲಕ ವ್ಯಾನಿನತ್ತ ತಿರುಗುತ್ತಾನೆ. ಈ ವ್ಯಾನಿನ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ; ಬಿರುಕಿನಿಂದ ಸೋರಿದ ವಿಷದ ಹೊಗೆ ನೇರ ಒಳಗೆ ನುಗ್ಗುತ್ತದೆ. "ಸೀಟು ಸುಡುತ್ತೆ ಅಂತ ಮಕ್ಕಳೇ ಹೇಳಿದ್ದು. ಅದಕ್ಕೇ ಪಟ್ಟಿ ಸುತ್ತಿಸ್ದೆ," ಎಂದು ತೊದಲುತ್ತಾನೆ. "ಎಲ್ಲರಿಗಿಂತ ಚಿಕ್ಕ ಹುಡುಗೀನ ಅಲ್ಲೇ ಕೂರಿಸ್ಕೋತೀನಕ್ಕಾ. ಮುದ್ದಿಗೆ."

ಫೋನು ತೆಗೆದು ಮಕ್ಕಳ ಮನೆಯವರ ನಂಬರು ಹುಡುಕುತ್ತಾನೆ. ಅಕ್ಕನೇ ಅದನ್ನು ತೆಗೆದುಕೊಂಡು ಮನೆಮನೆಗೂ ಕರೆ ಮಾಡುತ್ತಾರೆ. "ಇವತ್ತು ಶಾಲೆ ಬೇಡ. ಮೊದ್ಲು ಆಸ್ಪತ್ರೆಗೆ ಕರ್ಕೊಂಡ್ಹೋಗಿ. ಮಗು ಗಾಡಿ ಹೊಗೆ ಕುಡಿದಿದೆ ಅಂತ ಹೇಳಿ."

ಸುತ್ತಲಿನ ಮೆಕ್ಯಾನಿಕ್‌ಗಳಿಗೆಲ್ಲ ಈಕೆ ಬೂದಿಯಕ್ಕ. ಮರಳು ಚಿಮ್ಮಿಸಿ ತುಕ್ಕು ಕೀಳುವಾಗ ತಲೆಗೂದಲಿಂದ ಕಾಲಿನವರೆಗೆ ಬೂದು ಧೂಳು ಮೆತ್ತಿಕೊಳ್ಳುತ್ತದೆ. ಮುಖಕ್ಕೆ ಮಾಸ್ಕ್ ಇದ್ದರೂ ಕೆಮ್ಮು ಬಿಟ್ಟಿಲ್ಲ. ಹರೆಯದಲ್ಲಿ ಎನಾಮಲ್ ತಟ್ಟೆಗಳ ಕಾರ್ಖಾನೆಯಲ್ಲಿ ಕುಲುಮೆಯ ಬಾಯಲ್ಲಿ ನಿಂತು ದುಡಿದವರು. ಅದು ಮುಚ್ಚಿದ ಮೇಲೆ ಮೆಕ್ಯಾನಿಕ್ ಗಂಡನ ಷೆಡ್ಡಿನಲ್ಲೇ ಲೇಪದ ಕೆಲಸ ಹಿಡಿದರು. ಈಗ ದಿನಕ್ಕೆ ನಾಲ್ಕೈದು ಕೊಳವೆ ಬರುತ್ತವೆ. ಗ್ರೈಂಡರ್ ಸದ್ದಿಗೆ ಗಂಡನ ಕಿವಿ ಮಂದವಾಗಿದೆ. "ನಮ್ಮನೇಲಿ ಗುಟ್ಟು ಅನ್ನೋದೇ ಇಲ್ಲ. ಪಿಸುಮಾತೂ ಬೀದಿ ಕೊನೇವರೆಗೆ ಕೇಳ್ಸುತ್ತೆ!" ಎನ್ನುತ್ತಾರೆ ಅಕ್ಕ.

ಆದರೆ ಈ ಬೆಳಿಗ್ಗೆ ಆ ಮಾತಿಗೂ ಅವರು ನಗುವುದಿಲ್ಲ. ಬಿದ್ದ ತುಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. "ಮಾಮೂಲಿ ಬಣ್ಣ ಆದ್ರೆ ಒಂದೇ ದಿನಕ್ಕೆ ಸುಟ್ಟು ಉದುರುತ್ತೆ. ಪಟ್ಟಿ ಸುತ್ತಿದ್ರೆ ಶಾಖ ಒಳಗೇ ಕೂತು ಕಬ್ಬಿಣ ಬೇಯುತ್ತೆ. ಸೀಳು ಬಿಟ್ರೂ ಕಾಣಲ್ಲ. ಅದಕ್ಕೇ ನಾನು ಪಿಂಗಾಣಿ ಥರದ ಸೆರಾಮಿಕ್ ಲೇಪ ಹಾಕಿ ಓವನ್ನಲ್ಲಿ ಸುಡೋದು. ಮಂಕಾಗಿರುತ್ತೆ, ಆದ್ರೆ ತೆಳ್ಳಗೆ. ಸಣ್ಣ ಬಿರುಕು ಬಂದ್ರೂ ಕಣ್ಣಿಗೆ ಬೀಳುತ್ತೆ."

ಮಧ್ಯಾಹ್ನ ಸುದ್ದಿ ಬರುತ್ತದೆ. ಉಳಿದ ಮಕ್ಕಳಿಗೆ ಅಪಾಯವಿಲ್ಲ. ಮುಂದಿನ ಸೀಟಿನ ಆ ಹುಡುಗಿಗೆ ಮಾತ್ರ ಆಕ್ಸಿಜನ್ ಹಾಕಿದ್ದಾರೆ. ಊಟ ಬಡಿಸಿದ ತಟ್ಟೆ ಬಿಟ್ಟು ಅಕ್ಕ ಹಾಗೇ ಎದ್ದುಬಿಡುತ್ತಾರೆ. ಗಂಡ ವ್ಯಾನಿನೊಳಗೆ ತೂರಿ, ಹೊಗೆ ನುಗ್ಗದಂತೆ ಸೀಟಿನ ಕೆಳಗಿನ ಎಂಜಿನ್ ಮುಚ್ಚಳದ ಸಂದುಗಳಿಗೆ ರಬ್ಬರು ಬಿಗಿಯತೊಡಗುತ್ತಾರೆ.

ಮರುದಿನ ಚಾಲಕ ಹೊಸ ಕೊಳವೆ ಹಿಡಿದು ಬರುತ್ತಾನೆ. ನಿದ್ದೆಗೆಟ್ಟ ಕಣ್ಣುಗಳು ಕೆಂಪಗಿವೆ. "ಮನೆಗೆ ಕಳ್ಸಿದ್ರಕ್ಕಾ, ಹುಷಾರಾಗಿದಾಳೆ. ಇನ್ನೊಂದಷ್ಟು ದಿನ ಹೀಗೇ ಓಡ್ಸಿದ್ರೆ ಅಂತ ಡಾಕ್ಟ್ರು..." ಕೊಳವೆಯನ್ನು ಅಕ್ಕನ ಮುಂದಿಡುತ್ತಾನೆ. ಬೆಳ್ಳಿ ಬಣ್ಣದ ಮಾತು ಎತ್ತುವುದಿಲ್ಲ. "ಯಾವುದು ಸರಿ ಅನ್ಸುತ್ತೋ ಅದನ್ನೇ ಹಾಕಿ."

ಲೇಪ ಬಳಿದ ಕೊಳವೆಯನ್ನು ಓವನ್ನಿಗಿಟ್ಟು ಅಕ್ಕ ಬಾಗಿಲು ಮುಚ್ಚುತ್ತಾರೆ. ನಿಮಗೇನಾದರೂ ಆಸೆಯಿದೆಯೇ ಎಂದು ಹೊರಡುವ ಮುನ್ನ ಕೇಳುತ್ತೇನೆ. ಕೈಗಂಟಿದ ಬೂದು ಧೂಳನ್ನು ಉಜ್ಜಿಕೊಳ್ಳುತ್ತಾರೆ.

"ಆ ಪುಟ್ಟಿ ಮುಖ ಒಂದ್ಸಲ ನೋಡ್ಬೇಕು. ದೂರದಿಂದ್ಲೇ ಸಾಕು. ಈ ಅವತಾರದಲ್ಲಿ ಹತ್ರ ಹೋದ್ರೆ ಮಗು ಹೆದರ್ಕೊಂಡೀತು."