ನರ್ಸ್ ಆಂಟಿಗೆ ಕೇಳಿಸದೆ ಹೋದ ಪಿಟೀಲು

ಹೋದ ವಾರ ಸಕ್ಕರೆ ಪರೀಕ್ಷೆಗೆಂದು ಲ್ಯಾಬಿಗೆ ಹೋಗಿದ್ದೆ. ರಕ್ತ ತೆಗೆಯುವ ಹುಡುಗಿ ಹತ್ತಿಯನ್ನು ಸ್ಪಿರಿಟಿನಲ್ಲಿ ಅದ್ದಿ ನನ್ನ ತೋಳಿಗೆ ಉಜ್ಜಿದಳು. ಚರ್ಮ ತಣ್ಣಗಾಯಿತು, ಮೂಗಿಗೆ ಆ ವಾಸನೆ ಬಡಿಯಿತು. ಸೂಜಿ ಚುಚ್ಚುವ ಮೊದಲೇ ನನ್ನ ಕಣ್ಣಲ್ಲಿ ನೀರು.

"ಎಂತ ಆಂಟಿ, ಈ ಪ್ರಾಯದಲ್ಲಿ ಸೂಜಿಗೆ ಅಳುವುದಾ?" ಎಂದು ಹುಡುಗಿ ನಕ್ಕಳು. ನಾನೂ ನಕ್ಕೆ. ಅವಳಿಗೆ ಹೇಳಿದರೆ ಮುಗಿಯುವ ಕಥೆಯಲ್ಲ ಅದು.

ಸ್ಪಿರಿಟಿನ ವಾಸನೆ ಎಂದರೆ ನನಗೆ ನಮ್ಮ ಎದುರು ಮನೆಯ ನರ್ಸ್ ಆಂಟಿ. ವಾಮಂಜೂರಿನಲ್ಲಿ ನಾವು ಫ್ಲ್ಯಾಟ್ ತೆಗೆದುಕೊಂಡಾಗ ಅವರು ಆಗಲೇ ಅಲ್ಲಿದ್ದರು. ಮದುವೆಯಾಗಿರಲಿಲ್ಲ. ಇಪ್ಪತ್ತೈದು ವರ್ಷ ಗಲ್ಫ್‌ನ ಆಸ್ಪತ್ರೆಯಲ್ಲಿ ದುಡಿದು, ತಮ್ಮತಂಗಿಯರನ್ನೆಲ್ಲ ದಡ ಸೇರಿಸಿ, ಬಂದು ಒಬ್ಬರೇ ಇದ್ದರು. ಕಟ್ಟಡದ ಯಾವ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಅವರ ಬಾಗಿಲನ್ನೇ ತಟ್ಟುವುದು. ನನ್ನ ಅತ್ತೆ ಹಾಸಿಗೆ ಹಿಡಿದು ಬೆನ್ನು ಹುಣ್ಣಾದಾಗ ನಾಲ್ಕು ತಿಂಗಳು ದಿನಕ್ಕೆರಡು ಸಲ ಬಂದು ತೊಳೆದು ಔಷಧಿ ಹಾಕಿದವರು ಅವರು. ನಾನು ಕೈಮುಗಿದರೆ, "ಅದೆಲ್ಲ ದೇವರಿಗೆ ಮಾಡು ಬಾಯೆ, ನನಗೆ ಒಂದು ಚಾ ಮಾಡು" ಎನ್ನುತ್ತಿದ್ದರು. ಮಗಳಂತಹವರನ್ನು ನಾವು ಕೊಂಕಣಿಯವರು ಬಾಯೆ ಎಂದು ಕರೆಯುತ್ತೇವೆ. ನನ್ನನ್ನು ಹಾಗೆ ಕರೆಯಲು ಆಗ ಬೇರೆ ಯಾರೂ ಉಳಿದಿರಲಿಲ್ಲ.

ಒಂದು ದಿನ ಅವರು ಪೇಪರಿನ ತುಂಡೊಂದನ್ನು ಹಿಡಿದುಕೊಂಡು ಬಂದರು. ತೊಕ್ಕೊಟ್ಟಿನಾಚೆ ದೊಡ್ಡ ಮೈದಾನದಲ್ಲಿ ಮೂರು ದಿನದ ಸಂಗೀತ ಉತ್ಸವ. ದೇಶದ ದೊಡ್ಡ ದೊಡ್ಡ ಕಲಾವಿದರು, ಸಾವಿರಾರು ಜನರಿಗೆ ಪೆಂಡಾಲು. ಟಿಕೆಟು ನಮ್ಮಂಥವರ ಕೈಗೆ ಎಟಕುವಂಥದ್ದಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ಸ್ವಯಂಸೇವಕರು ಬೇಕು, ಕೆಲಸವಿಲ್ಲದ ಹೊತ್ತಿನಲ್ಲಿ ಕಾರ್ಯಕ್ರಮಕ್ಕೆ ಉಚಿತ ಪ್ರವೇಶ ಎಂದಿತ್ತು.

"ನಾವು ಹೋಗುವ" ಎಂದರು.

"ನಮ್ಮ ಪ್ರಾಯದವರನ್ನು ಯಾರು ತಗೊಳ್ತಾರೆ ಆಂಟಿ?"

"ನಾನು ಫೋನ್ ಮಾಡಿ ಆಯ್ತು. ನರ್ಸ್ ಅಂದ ಕೂಡಲೇ ಬನ್ನಿ ಬನ್ನಿ ಅಂದ್ರು. ಪ್ರಥಮ ಚಿಕಿತ್ಸೆಯ ಮೇಜು ನಮ್ಮದು. ನಿನ್ನ ಹೆಸರನ್ನೂ ಕೊಟ್ಟಿದ್ದೇನೆ."

ಆಮೇಲೆ ನಿಜವಾದ ಕಾರಣ ಹೇಳಿದರು. ಎಡಗಿವಿ ಗಲ್ಫ್‌ನಲ್ಲಿರುವಾಗಲೇ ಹೋಗಿತ್ತು. ಈಗ ಬಲಗಿವಿಯೂ ವರ್ಷದೊಳಗೆ ಹೋಗುತ್ತದೆಂದು ಡಾಕ್ಟರು ಹೇಳಿದ್ದರಂತೆ. ಯಂತ್ರ ಇಟ್ಟರೆ ಸ್ವಲ್ಪ ದಿನ ಮಾತು ಕೇಳೀತು, ಸಂಗೀತ ಮಾತ್ರ ತಗಡು ಬಡಿದ ಹಾಗೆ ಕೇಳುತ್ತದೆ. ಅವರ ತಂದೆ ಊರಿನ ಇಗರ್ಜಿಯಲ್ಲಿ ಪಿಟೀಲು ನುಡಿಸುತ್ತಿದ್ದವರು. ರೆಬೆಕ್ ಎನ್ನುತ್ತಿದ್ದರಂತೆ ಆಗ ಅದನ್ನು. ತಂದೆ ತೀರಿಹೋದಾಗ ಇವರು ಮರಳುಗಾಡಿನಲ್ಲಿ ಡ್ಯೂಟಿಯಲ್ಲಿದ್ದರು. ಉತ್ಸವದ ಕೊನೆಯ ದಿನ, ಭಾನುವಾರ ಸಂಜೆ ಐದಕ್ಕೆ, ಒಬ್ಬ ಹಿರಿಯ ಪಿಟೀಲು ವಿದ್ವಾಂಸರ ಕಛೇರಿ ಇತ್ತು.

"ಒಂದು ಸಲ ಎದುರು ಕೂತು ಕೇಳ್ಬೇಕು ಬಾಯೆ. ಮತ್ತೆ ಹೋದರೆ ಹೋಗ್ಲಿ" ಎಂದರು. ಅಷ್ಟೇ. ಅವರು ಬೇರೆ ಏನನ್ನಾದರೂ ತಮಗೆ ಬೇಕೆಂದು ಕೇಳಿದ್ದು ನನಗೆ ನೆನಪಿಲ್ಲ.

ಉತ್ಸವದವರು ಕೊಟ್ಟ ಹಸಿರು ಟೀ ಶರ್ಟನ್ನು ನಾನು ಚೂಡಿದಾರದ ಮೇಲೆಯೇ ಹಾಕಿಕೊಂಡೆ. ನಮ್ಮ ಯಜಮಾನರು ನೋಡಿ, "ಎಂತ, ಕ್ರಿಕೆಟಿಗಾ ಹೊರಟದ್ದು?" ಎಂದರು. ಆಂಟಿ ಸೀರೆಯ ಮೇಲೆ ಹಾಕಿ, ಸೆರಗನ್ನು ಒಳಗೆ ಸಿಕ್ಕಿಸಿ, ಅದರ ಮೇಲೆ ಬಿಳಿ ಪಿನ್ನು ಚುಚ್ಚಿ, ಹಳೆಯ ಯೂನಿಫಾರ್ಮಿನಂತೆಯೇ ಮಾಡಿಕೊಂಡಿದ್ದರು.

ನಮ್ಮ ಮೇಜು ಪೆಂಡಾಲಿನ ಹಿಂದೆ, ಜನರೇಟರಿನ ಪಕ್ಕದಲ್ಲಿತ್ತು. ಅಲ್ಲಿಗೆ ಸಂಗೀತ ಎಂದು ಕೇಳಿಸುತ್ತಿದ್ದುದು ನೆಲದಡಿಯಿಂದ ಬರುವ ದಬ್ ದಬ್ ಮಾತ್ರ. ಆಂಟಿ ನನಗೆ ಎಲ್ಲ ಕಲಿಸಿದರು. ತಲೆ ತಿರುಗಿ ಬಿದ್ದವರ ಕಾಲು ಎತ್ತಿ ಇಡುವುದು, ಕಾಲು ಉಳುಕಿದರೆ ಪಟ್ಟಿ ಸುತ್ತುವುದು. ಎಲ್ಲಕ್ಕಿಂತ ಮೊದಲು ಕಲಿಸಿದ್ದು ಇನ್ನೊಂದು. ಬದಲಿಗೆ ಬಂದವರು ಎದುರು ನಿಂತು, ಎಲ್ಲ ತಿಳಿದುಕೊಂಡು, ಕುರ್ಚಿಯಲ್ಲಿ ಕೂರುವ ತನಕ ಇದ್ದವರು ಏಳಬಾರದು. "ವಾರ್ಡಿನಲ್ಲಿ ನಮ್ಮದು ಹಾಗೆ. ಗಂಟೆ ನೋಡಿ ಎದ್ದವಳು ನರ್ಸ್ ಅಲ್ಲ" ಎಂದಿದ್ದರು.

ಮೊದಲೆರಡು ದಿನ ಉರಿಬಿಸಿಲಿನ ಹೊತ್ತನ್ನೆಲ್ಲ ಅವರೇ ವಹಿಸಿಕೊಂಡರು. "ನೀನು ಹೋಗಿ ಕೇಳು, ಹೋಗು" ಎಂದು ನನ್ನನ್ನು ಪೆಂಡಾಲಿಗೆ ಅಟ್ಟುತ್ತಿದ್ದರು. ಬದಲಿಗೆ ಕೇಳಿದ್ದು ಒಂದೇ. ಭಾನುವಾರ ಸಂಜೆ ಐದಕ್ಕೆ ನಾನು ಬಂದು ಕೂರಬೇಕು.

ಆ ಭಾನುವಾರ ಬೆಳಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಮನೆಯಲ್ಲಿ ಊಟ ಬಡಿಸಿ, ನಾಲ್ಕಕ್ಕೇ ಮೈದಾನ ತಲುಪಿದೆ. ಇನ್ನೂ ಒಂದು ಗಂಟೆ ಇತ್ತು. ಕೊನೆಯ ದಿನವೆಂದು ಪೆಂಡಾಲಿನ ಬಾಗಿಲಲ್ಲಿ ಹೆಂಗಸರಿಗೆಲ್ಲ ಮಲ್ಲಿಗೆ ಕೊಡುತ್ತಿದ್ದರು. ನಾನೂ ಮುಡಿದುಕೊಂಡೆ. ಫೋನ್ ಆಫ್ ಮಾಡಿ ಎಂದರು, ಮಾಡಿದೆ. ಒಳಗೆ ನಲವತ್ತು ಐವತ್ತು ಜನ ಸೇರಿ ಹಾಡುವ ಒಂದು ತಂಡ ಇತ್ತು. ಮದುವೆಗೆ ಮೊದಲು ನಾನೂ ಇಗರ್ಜಿಯ ಗಾಯನ ಮಂಡಳಿಯಲ್ಲಿ ಹಾಡಿದವಳು. ಎಷ್ಟು ವರ್ಷವಾಗಿತ್ತೋ ಅಷ್ಟು ಸ್ವರಗಳು ಒಟ್ಟಿಗೆ ಮೈಮೇಲೆ ಬಂದು ಬೀಳದೆ... ನಾನು ಅಲ್ಲಿ ಕೂತು ಪ್ರಾರ್ಥನೆಯನ್ನೇ ಮಾಡಿದೆ.

ಅವರು ಇಳಿಯುವಾಗ ಐದಾಗಲು ಹತ್ತು ನಿಮಿಷ. ಏಳಬೇಕೆಂದುಕೊಂಡೆ. ಅಷ್ಟರಲ್ಲಿ ಪರದೆ ಸರಿದು, ಪಿಟೀಲಿನ ಹಿರಿಯರು ಆಗಲೇ ಬಂದು ಕೂತಿದ್ದರು. ಶ್ರುತಿ ಮಾಡುತ್ತಿದ್ದರು. ಎರಡು ನಿಮಿಷ ನೋಡಿ ಹೋಗುವ ಎಂದು ಕೂತೆ. ಮತ್ತೆ ಗಡಿಯಾರ ನೋಡುವಾಗ ಐದೂಕಾಲು. ಏಳಲು ಹೊರಟೆ. ಆಗ ನಾಲ್ಕನೇ ಸಾಲಿನಲ್ಲಿ ಹಸಿರು ಟೀ ಶರ್ಟು, ನರೆಗೂದಲಿನ ಸಣ್ಣ ತುರುಬು ಕಾಣಿಸಿತು. ಅಬ್ಬ, ಆಂಟಿ ಬಂದು ಕೂತಿದ್ದಾರೆ ಎಂದುಕೊಂಡೆ. ನನ್ನನ್ನು ಕಾಯದೆ ಬಂದರಲ್ಲ, ಒಳ್ಳೆಯದಾಯಿತು, ದೇವರು ದೊಡ್ಡವನು ಎಂದುಕೊಂಡೆ. ಅವರು ಕಲಿಸಿದ ಪಾಠ ನೆನಪಿದ್ದರೆ ಹಾಗೆ ಅಂದುಕೊಳ್ಳುತ್ತಿರಲಿಲ್ಲ. ನೆನಪಿರಲಿಲ್ಲವೋ, ನೆನಪಿಗೆ ಬಾರದ ಹಾಗೆ ನಾನೇ ನೋಡಿಕೊಂಡೆನೋ...

ಕಛೇರಿ ಮುಗಿದು ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಮೇಜಿನ ಹತ್ತಿರ ಹೋದೆ. ಆಂಟಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎದುರಿಗೆ ಹತ್ತಿ, ಪಟ್ಟಿ, ಸ್ಪಿರಿಟಿನ ಬಾಟಲಿ ಸಾಲಾಗಿ ಇಟ್ಟದ್ದು ಇಟ್ಟ ಹಾಗೆಯೇ ಇತ್ತು.

"ಯಾರಾದರೂ ಬಂದಿದ್ರಾ ಆಂಟಿ?" ಎಂದೆ.

"ಇಲ್ಲ ಮಾರಾಯ್ತಿ. ಒಂದು ನರಪಿಳ್ಳೆ ಬರ್ಲಿಲ್ಲ."

"ಮತ್ತೆ ಯಾರನ್ನಾದರೂ ಕೂರಿಸಿ ಹೋಗಬಹುದಿತ್ತಲ್ಲ?"

"ಯಾರನ್ನು? ಬಿದ್ದವರಿಗೆ ಎಂತ ಮಾಡ್ಬೇಕು ಅಂತ ಗೊತ್ತಿಲ್ಲದವರನ್ನಾ?" ಎಂದರು. ಸಿಟ್ಟಿರಲಿಲ್ಲ. "ನಿನಗೆ ಮೂರು ಸಲ ಫೋನ್ ಮಾಡಿದೆ. ಎಂತ ಆಯ್ತೋ ಅಂತ ಹೆದರಿಕೆ ಆಯ್ತು ನನಗೆ."

ಆಗ ನಾನು ಸುಳ್ಳು ಹೇಳಿದೆ. ನೇತ್ರಾವತಿ ಸೇತುವೆಯ ಮೇಲೆ ಲಾರಿ ಕೆಟ್ಟು ಬ್ಲಾಕ್ ಆಗಿತ್ತು, ಬಸ್ಸಿನಲ್ಲೇ ಸಿಕ್ಕಿಬಿದ್ದೆ, ಈಗಷ್ಟೇ ಇಳಿದು ಓಡಿ ಬಂದೆ ಎಂದೆ. ಬೆಳಗ್ಗೆ ಪರಮಪ್ರಸಾದ ಸ್ವೀಕರಿಸಿದ ಅದೇ ನಾಲಗೆಯಲ್ಲಿ.

ಅವರು ನನ್ನನ್ನು ಒಮ್ಮೆ ನೋಡಿದರು. "ಪಾಪ, ಬಳಲಿದ್ದಿ. ನೀರು ಕುಡಿ" ಎಂದರು. ರಿಕ್ಷಾದಲ್ಲಿ ವಾಪಸು ಬಂದೆವು. ಮನೆಯ ಮೆಟ್ಟಿಲು ಹತ್ತುವಾಗ, ಹಿಂದಿನಿಂದ, ಮೆಲ್ಲಗೆ ಹೇಳಿದರು. "ಮಲ್ಲಿಗೆ ಒಳ್ಳೆದುಂಟು ಬಾಯೆ. ಇನ್ನೂ ಬಾಡ್ಲಿಲ್ಲ."

ನಾನು ಮದುವೆಗಲ್ಲದೆ ಹೂ ಮುಡಿಯುವವಳಲ್ಲ. ಅದು ಅವರಿಗೆ ಗೊತ್ತು. ಪೆಂಡಾಲಿನ ಬಾಗಿಲಲ್ಲಿ ಕೊಟ್ಟ ಹೂ ಮುಡಿದು ಹೆಂಗಸರು ಓಡಾಡುವುದನ್ನು ಅವರು ಮಧ್ಯಾಹ್ನದಿಂದ ನೋಡುತ್ತ ಕೂತಿದ್ದರು.

ಶನಿವಾರ ಪಾಪನಿವೇದನೆಗೆ ಹೋದೆ. ಫಾದರ್ ಎಲ್ಲ ಕೇಳಿ, "ನನ್ನ ಹತ್ತಿರ ಹೇಳಿದ್ದು ಸರಿಯಮ್ಮ, ಅವರ ಹತ್ತಿರವೂ ಹೇಳಿ" ಎಂದರು. ಹೇಳುತ್ತೇನೆ ಎಂದು ಬಂದೆ. ನಾಳೆ, ನಾಡಿದ್ದು, ಕ್ರಿಸ್ಮಸ್ ಕಳೆಯಲಿ... ಹೀಗೆಯೇ ವರ್ಷ ಹೋಯಿತು. ಆಂಟಿ ಮೊದಲಿನ ಹಾಗೆಯೇ ಬರುತ್ತಿದ್ದರು, ಚಾ ಕುಡಿಯುತ್ತಿದ್ದರು. ಬಲಗಿವಿ ದಿನದಿಂದ ದಿನಕ್ಕೆ ಮುಚ್ಚುತ್ತ ಬಂತು. ನನಗೆ ಹೇಳುವ ಧೈರ್ಯ ಬರುವ ಹೊತ್ತಿಗೆ ಅವರಿಗೆ ಕೇಳುವ ಕಿವಿ ಇರಲಿಲ್ಲ. ಹೇಳಬೇಕಾದರೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಬೇಕಿತ್ತು.

ಕೊನೆಗೆ ಮಗನ ಹಳೆಯ ನೋಟುಪುಸ್ತಕದ ಹಾಳೆಯಲ್ಲಿ ಬರೆದುಕೊಂಡು ಹೋದೆ. ಅಂದು ಬ್ಲಾಕ್ ಇರಲಿಲ್ಲ, ನಾನು ಒಳಗೇ ಇದ್ದೆ, ನಾಲ್ಕನೇ ಸಾಲಿನಲ್ಲಿ ಕೂತ ಹೆಂಗಸು ನೀವೇ ಎಂದುಕೊಂಡೆ, ಕ್ಷಮಿಸಿ. ಆಂಟಿ ಕನ್ನಡಕ ಹಾಕಿ ಓದಿದರು. ಕಿವಿ ಹೋದ ಮೇಲೆ ಅವರ ಸ್ವರ ದೊಡ್ಡದಾಗಿತ್ತು.

"ಅದು ನನಗೆ ಅವತ್ತೇ ಗೊತ್ತು. ಅವರು ಹೇಗೆ ಬಾರಿಸಿದ್ರು? ಅದನ್ನು ಬರಿ!"

ನಾನು ತಬ್ಬಿಬ್ಬಾದೆ. ರಾಗದ ಹೆಸರು ಗೊತ್ತಿಲ್ಲ, ತಾಳ ಗೊತ್ತಿಲ್ಲ. ಆದರೂ ಮರುದಿನದಿಂದ ಶುರುಮಾಡಿದೆ. ಅಡಿಗೆ ಮುಗಿಸಿ, ಮಧ್ಯಾಹ್ನ ಒಂದು ಹಾಳೆ ಬರೆದು, ನಾಲ್ಕಕ್ಕೆ ತೆಗೆದುಕೊಂಡು ಹೋಗುವುದು. ಆ ವಿದ್ವಾಂಸರು ಕೂತ ರೀತಿ, ಹಣೆಯ ವಿಭೂತಿ, ಪಿಟೀಲಿನ ತುದಿಯನ್ನು ಪಾದದ ಮೇಲೆ ಊರಿದ್ದು. ಮೊದಲು ಎಳೆದ ಒಂದು ಉದ್ದನೆಯ ಸ್ವರ, ಆಳದ ಬಾವಿಯಿಂದ ತುಂಬಿದ ಕೊಡ ತುಳುಕದೆ ಮೇಲೆ ಬಂದ ಹಾಗೆ. ಆಂಟಿ ಓದುತ್ತಿದ್ದರು, ಬೈಯುತ್ತಿದ್ದರು.

"ಚೆಂದ ಇತ್ತು, ಚೆಂದ ಇತ್ತು. ಎಂತ ಚೆಂದ? ಮದುವೆ ಊಟದ ಸುದ್ದಿ ಹೇಳಿದ ಹಾಗೆ ಬರಿಯುವುದು! ಕಮಾನು ಬೇಗ ಹೋಯ್ತಾ, ನಿಧಾನ ಹೋಯ್ತಾ? ಅಥವಾ ನೀನು ಅಲ್ಲಿ ನಿದ್ದೆ ಮಾಡಿದ್ದಾ?"

ಹಾಳೆ ಹಿಂದೆ ತಂದು, ಮತ್ತೆ ಬರೆಯುತ್ತಿದ್ದೆ. ಕೆಲವು ಸಲ ಓದುತ್ತ ಅವರ ಬಲಗೈ ತನ್ನಷ್ಟಕ್ಕೆ ಮಡಿಲಲ್ಲಿ ಅತ್ತಿತ್ತ ಹೋಗುತ್ತಿತ್ತು. ಆಗ ನಾನು ಉಸಿರೂ ಬಿಡದೆ ಕೂರುತ್ತಿದ್ದೆ. ಎರಡು ವಾರದಲ್ಲಿ ಕಛೇರಿಯ ಅರ್ಧ ಮುಗಿಯಿತು.

"ಆಮೇಲೆ?" ಎಂದರು.

ಆಮೇಲಿನದು ನನ್ನ ಹತ್ತಿರ ಇರಲಿಲ್ಲ. ಫಾದರ್‌ಗೂ ಹೇಳದೆ ಒಳಗೆ ಇಟ್ಟುಕೊಂಡದ್ದು ಅದೊಂದೇ. ಅಂದು ಐದೂಮುಕ್ಕಾಲಿನ ಹೊತ್ತಿಗೆ ನಾಲ್ಕನೇ ಸಾಲಿನ ಆ ಹೆಂಗಸು ನೀರಿನ ಬಾಟಲಿಗಾಗಿ ಹಿಂದೆ ತಿರುಗಿದ್ದರು. ಬೇರೆ ಯಾರೋ. ಆಗ ನಾನು ಎದ್ದು ಓಡಿದ್ದರೆ ಎರಡು ನಿಮಿಷದ ದಾರಿ, ಆಂಟಿಗೆ ಮುಕ್ಕಾಲು ಗಂಟೆಯ ಪಿಟೀಲಾದರೂ ಸಿಗುತ್ತಿತ್ತು. ನಾನು ಏಳಲಿಲ್ಲ. ಈಗ ಹೋದರೆ ಏನೆಂದು ಮುಖ ತೋರಿಸಲಿ ಎಂಬ ನಾಚಿಕೆಗೆ ಕುರ್ಚಿಗೆ ಅಂಟಿಕೊಂಡು ಕೂತೆ. ಕಮಾನು ಹೋಗಿ ಬರುವುದು ಕಾಣುತ್ತಿತ್ತು. ಕಿವಿಗೆ ಏನೂ ಬೀಳುತ್ತಿರಲಿಲ್ಲ.

ಮೂರು ದಿನ ಅವರ ಮನೆಗೆ ಹೋಗಲಿಲ್ಲ. ನಾಲ್ಕನೆಯ ದಿನ ಇದನ್ನೇ ಬರೆದು ಕೊಟ್ಟೆ. ಅವರು ಎರಡು ಸಲ ಓದಿದರು. ಹಾಳೆಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರು. ನಾನು ನೆಲ ನೋಡುತ್ತಿದ್ದೆ.

"ಹಾಗಾದ್ರೆ ಅರ್ಧ ನೀನು ಸಹ ಕೇಳ್ಲಿಲ್ಲ" ಎಂದರು.

ಆ ಹೊತ್ತಿಗೆ ಮಾತ್ರ ಅವರ ಸ್ವರ ದೊಡ್ಡದಿರಲಿಲ್ಲ. ಎದ್ದು ಒಳಗೆ ಹೋಗಿ, ಎರಡು ಲೋಟ ಚಾ ತಂದು, ಒಂದನ್ನು ನನ್ನ ಕೈಗೆ ಕೊಟ್ಟರು. ಮತ್ತೆಂದೂ ಆ ವಿಷಯ ಎತ್ತಲಿಲ್ಲ. ಹೋದ ಮಳೆಗಾಲ ಮುಗಿಯುವಾಗ ನ್ಯುಮೋನಿಯಾ ಆಗಿ ನಾಲ್ಕೇ ದಿನದಲ್ಲಿ ತೀರಿಹೋದರು. ಕೊನೆಯ ದಿನ ನಾನು ಪಕ್ಕದಲ್ಲಿದ್ದೆ, ಹೊತ್ತಿಗೆ ಸರಿಯಾಗಿ ಹೋಗಿದ್ದೆ. ದೇವರು ಅಷ್ಟನ್ನು ನಡೆಸಿಕೊಟ್ಟ.

ರಾತ್ರಿಯ ಪ್ರಾರ್ಥನೆಯ ಕೊನೆಗೆ ದಿನದ ಉಪಕಾರಗಳನ್ನು ಒಂದೊಂದಾಗಿ ನೆನೆಯುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಮಗ ಸಮಯಕ್ಕೆ ಮನೆಗೆ ಬಂದ, ಮೊಣಕಾಲು ಅಷ್ಟಾಗಿ ನೋಯಲಿಲ್ಲ. ಅರ್ಧ ನೀನು ಸಹ ಕೇಳ್ಲಿಲ್ಲ ಎಂದ ಆಂಟಿಯ ಆ ಮಾತನ್ನೂ ಇವುಗಳ ಜೊತೆ ಸೇರಿಸಲೇ ಎಂದು ಕೆಲವು ದಿನ ಅನಿಸುತ್ತದೆ. ಅದು ಕ್ಷಮೆಯಾಗಿತ್ತೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೋ, ಕೇಳೋಣವೆಂದರೆ ಅವರಿಲ್ಲ.

ಅವರ ತಂಗಿಯ ಮಗಳು ಬಂದು ಮನೆ ಖಾಲಿ ಮಾಡುವಾಗ, ನಾನು ಬರೆದ ಹಾಳೆಗಳು ಎಲ್ಲಾದರೂ ಸಿಕ್ಕಿದವೇ ಎಂದು ಕೇಳಲು ಬಾಗಿಲ ತನಕ ಹೋದೆ. ಕೇಳದೆ ವಾಪಸು ಬಂದೆ. ಸಿಕ್ಕಿದ್ದರೂ ಅವುಗಳಲ್ಲಿರುವುದು ಅರ್ಧ. ಉಳಿದ ಅರ್ಧವನ್ನು ಅಂದು ಆ ಪೆಂಡಾಲಿನಲ್ಲಿ ಸಾವಿರಾರು ಜನ ಕೇಳಿದರು, ನಾವಿಬ್ಬರನ್ನು ಬಿಟ್ಟು.